ಮೂರನೇ ತಿರುವಿನ ಬಾವಿ

ವರ್ತೂರಿನಾಚೆ ಹೊಲಗಳ ಮೇಲೆ ರೇಸ್ ಟ್ರ್ಯಾಕ್ ಮಾಡುವಾಗ ಡಾಂಬರಿನ ಮೇಲೆ ರೋಲರ್ ಓಡಿಸಿದವನು ನಾನೇ. ನನ್ನಂಥ ಡ್ರೈವರ್ ನಮ್ಮ ತಾಲೂಕಿನಲ್ಲೇ ಇಲ್ಲ.

ಆ ಹೊಲ ಮಾರಿದ್ದ ತಾತ ಒಂದಿನ ಬಂದು ಮೂರನೇ ತಿರುವಿನಲ್ಲಿ ಕೋಲು ಊರಿದರು. "ಇಲ್ಲಿ ನಮ್ಮಪ್ಪ ತೋಡಿದ ಬಾವಿ ಇತ್ತು ಕಣಪ್ಪ. ಬರೀ ಮಣ್ಣು ಸುರಿದು ಮುಚ್ಚವ್ರೆ, ಕುಸೀತದೆ."

"ನನ್ನ ರೋಲರ್ ಹತ್ತಿದ ಮೇಲೂ ಕುಸಿಯೋದಾ? ಸುಮ್ನೆ ಹೋಗು ತಾತ!" ಎಂದೆ.

ಮೊದಲ ಮಳೆಗೇ ಅಲ್ಲಿ ಗುಂಡಿ ಬಿತ್ತು. ಎಂಜಿನಿಯರ್ ನನ್ನನ್ನು ಕೆಲಸದಿಂದ ತೆಗೆಯುವುದರಲ್ಲಿದ್ದರು. ತಾತನೇ ಅಡ್ಡ ಬಂದರು. "ಹುಡುಗನ ತಪ್ಪಲ್ಲ ಸಾರ್, ಬಾವೀದು" ಎಂದು ಕೋಲಿನಿಂದ ಅದರ ಸುತ್ತಳತೆ ಗೀಚಿ ತೋರಿಸಿದರು. ಟ್ರ್ಯಾಕನ್ನು ಬಾವಿ ಬಳಸಿಕೊಂಡು ಹೋಗುವಂತೆ ತಿರುಗಿಸಿದೆವು.

ಈಗ ರೇಸಿನ ಹುಡುಗರು, "ಸಕ್ಕತ್ ತಿರುವು ಗುರು, ಯಾರು ಡಿಸೈನ್ ಮಾಡಿದ್ದು?" ಅಂತಾರೆ. ನಾನೇ ಅನ್ನುತ್ತೇನೆ. ತಾತ ಹತ್ತಿರದಲ್ಲಿದ್ದರೆ ಮಾತ್ರ ಸ್ವಲ್ಪ ಮೆಲ್ಲಗೆ.