ತಟ್ಟೆಯೊಳಗಿನ ಮನೆ

ಬೇಸಿಗೆ ರಜೆ ಬಂತೆಂದರೆ ಸಾಕು, ಗ್ರಂಥಾಲಯದ ಕೆಳಮಹಡಿಯ ಉದ್ದನೆಯ ಕೋಣೆಗೆ ಜೀವ ಬರುತ್ತಿತ್ತು. ಎಲ್ಲೆಲ್ಲಿಂದಲೋ ಬಂದು ಆ ಊರಿನಲ್ಲಿ ಬಿಡಾರ ಹೂಡಿದವರ ಮಕ್ಕಳೆಲ್ಲ ಮೂರು ವಾರ ಅಲ್ಲಿ ಚಿತ್ರ ಬರೆಯಲು ಸೇರುತ್ತಿದ್ದವು. ಆರು ಭಾಷೆ, ಮೂವತ್ತು ಬಾಯಿ. ಒಂದು ಹೇಳಿದ್ದು ಇನ್ನೊಂದಕ್ಕೆ ತಿಳಿಯದು. ಜಗಳಕ್ಕೆ ಮಾತ್ರ ಯಾವ ಭಾಷೆಯೂ ಬೇಕಾಗುತ್ತಿರಲಿಲ್ಲ. ಮೊದಲ ದಿನವೇ ಅವೆಲ್ಲ ಕಲಿಯುತ್ತಿದ್ದ ಮಾತು ಒಂದೇ: ‘ನೀರು’. ಬಣ್ಣ ಕಲಸಲು ನೀರು, ಬ್ರಷ್ ಅದ್ದಲು ನೀರು, ಡಬ್ಬ ಉರುಳಿದರೆ ಮತ್ತೆ ನೀರು. ತಂದುಕೊಡುವವಳಿಗೆ ಮಕ್ಕಳೇ ನೀರಕ್ಕ ಅಂತ ಹೆಸರಿಟ್ಟುಬಿಟ್ಟವು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತೆಪ್ಪಗೆ ಕೂತಿತ್ತು.

ತೊಳೆಯುವುದರಲ್ಲೇ ಆಯುಷ್ಯದ ಮುಕ್ಕಾಲು ಸವೆಸಿದವಳು ನೀರಕ್ಕ. ಹನ್ನೊಂದು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಲೋಟ, ತಟ್ಟೆ. ಆಮೇಲೆ ಇಲ್ಲಿ ಹದಿನಾರು ಬೇಸಿಗೆ ಬ್ರಷ್ಷು, ಬಣ್ಣ. ಬ್ರಷ್ಷಿನ ಕೂದಲಿಗೆ ಸೋಪು ಹಚ್ಚಿ ಅಂಗೈ ಮೇಲೆ ಗಿರ್ರನೆ ತಿರುಗಿಸಿ, ಎರಡು ಬೆರಳಲ್ಲಿ ಮೊನೆ ತಿದ್ದಿ, ಅಡ್ಡಡ್ಡ ಮಲಗಿಸಿ ಒಣಗಿಸುತ್ತಿದ್ದಳು. ಸಂಜೆ ಐದಕ್ಕೆ ಅದೇ ಕೋಣೆಗೆ ಹೊಲಿಗೆ ತರಗತಿಯವರು ಬಿಳಿ ಬಟ್ಟೆ ಹೊತ್ತು ಬರುತ್ತಿದ್ದರು. ಎಲ್ಲಾದರೂ ಒಂದು ಚುಕ್ಕೆ ಬಣ್ಣ ಉಳಿದಿದ್ದರೆ ಹೊಲಿಗೆ ಟೀಚರ್ ಮುಖ ಮೂರು ದಿನ ಗಂಟಿಕ್ಕಿಕೊಂಡಿರುತ್ತಿತ್ತು. ಹಾಗಾಗಿ ನೀರಕ್ಕನ ಕಣ್ಣಿಗೆ ಬಣ್ಣವೆಂದರೆ ಕಲೆ, ಕಲೆಯೆಂದರೆ ಉಜ್ಜುವುದು. ಅಷ್ಟೇ ಅವಳ ಶಾಸ್ತ್ರ.

ಆ ವರ್ಷ ಒಂದು ಹುಡುಗಿ ಬಂದಳು. ಏಳು ವರ್ಷವಿದ್ದೀತು. ಕೊನೆಯ ದಿನದವರೆಗೂ ತುಟಿ ಪಿಟಕ್ಕೆನ್ನಲಿಲ್ಲ. ಉಳಿದ ಮಕ್ಕಳು ಬೊಂಬೆ ಎಂದರು. ಬಿಡಲು ಬಂದ ಅಪ್ಪ ಹರಕುಮುರುಕು ಮಾತಿನಲ್ಲಿ ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿದ: “ಮನೆ ಬೆಂಕೀಲಿ ಹೋಯ್ತು ಸಾರ್. ಇವಳ ಅಮ್ಮನೂ ಹೋದ್ಳು. ಒಂದು ಫೋಟೋ ಇಲ್ಲ. ಇವಳು ಬರೀಲಿ. ಕೊನೇ ದಿನ ನಾನು ಬರ್ತೀನಿ, ನೋಡ್ತೀನಿ.”

ಕೊನೆಯ ದಿನವೆಂದರೆ ಮಕ್ಕಳ ಚಿತ್ರಗಳನ್ನೆಲ್ಲ ಗೋಡೆಗೆ ಹಚ್ಚುವ ದಿನ. ಆದರೆ ಬೊಂಬೆಯ ಹಾಳೆ ಬೆಳಿಗ್ಗೆ ಹೇಗೋ ಸಂಜೆಯೂ ಹಾಗೇ.

“ನೋಡಿದ್ಯಾ ನೀರಕ್ಕ? ಬಿಳೀ ಬೆಕ್ಕು ಸುಣ್ಣದ ಗೋಡೆ ಮುಂದೆ ಕೂತಿರೋ ಚಿತ್ರ ಇರ್ಬೇಕು,” ಎಂದು ಮೇಷ್ಟ್ರು ನಕ್ಕರು.

“ನಗಬೇಡಿ ಮೇಷ್ಟ್ರೇ, ಮಗೂಗೆ ಕೇಳಿಸುತ್ತೆ.”

“ಕೇಳಿಸಿದ್ರೂ ನಮ್ಮ ಮಾತು ಅರ್ಥ ಆಗಲ್ಲ ಬಿಡು.”

“ಮಾತು ಆಗಲ್ಲ. ನಗೋದು ಎಲ್ರಿಗೂ ಅರ್ಥ ಆಗುತ್ತೆ.”



ವಿಚಿತ್ರವೇನೆಂದರೆ, ಹಾಳೆ ಮುಟ್ಟದವಳ ತಟ್ಟೆಯೇ ಎಲ್ಲರದಕ್ಕಿಂತ ಕೊಳಕು. ಬಣ್ಣ ಕಲಸಿಕೊಳ್ಳಲೆಂದು ಒಬ್ಬೊಬ್ಬರಿಗೂ ಒಂದೊಂದು ಅಗಲವಾದ ಬಿಳಿ ಎನಾಮಲ್ ತಟ್ಟೆ ಕೊಡುತ್ತಿದ್ದರು. ಇವಳ ತಟ್ಟೆಯಲ್ಲಿ ದಿನವೂ ಅಂಚಿನವರೆಗೆ ಕಪ್ಪು ರಾಡಿ. “ಏನಮ್ಮಾ ಬೊಂಬೆ, ಎಲ್ಲ ಕಲಸಿ ಕೆಸರು ಮಾಡಿದ್ಯಾ?” ಎನ್ನುತ್ತ ನೀರಕ್ಕ ಅದನ್ನು ನಲ್ಲಿಗೆ ಒಡ್ಡಿ, ನಾರು ತೆಗೆದುಕೊಂಡು ತಿಕ್ಕಿದ್ದೇ ತಿಕ್ಕಿದ್ದು. ಹುಡುಗಿ ಪಕ್ಕದಲ್ಲೇ ನಿಂತು ಕಪ್ಪು ನೀರು ಇಳಿದು ಹೋಗುವುದನ್ನು ಕೊನೆಯ ತೊಟ್ಟಿನವರೆಗೂ ನೋಡುತ್ತಿದ್ದಳು.

ಕೊನೆಯ ದಿನದ ಹಿಂದಿನ ದಿನ ಚಿತ್ರ ಅಂಟಿಸುವ ಗಡಿಬಿಡಿಯಲ್ಲಿ ಮೇಷ್ಟ್ರು ಎಂದಿಗಿಂತ ಮೊದಲೇ, ಮೂರು ಗಂಟೆಗೇ ಗಂಟೆ ಬಾರಿಸಿದರು. ತಟ್ಟೆ ಎತ್ತಿಕೊಳ್ಳುತ್ತ ಬಂದ ನೀರಕ್ಕ ಕೊನೆಯ ಬೆಂಚಿನ ಹತ್ತಿರ ಹಾಗೇ ನಿಂತುಬಿಟ್ಟಳು. ತಟ್ಟೆಯೊಳಗೊಂದು ಮನೆ. ಹಸಿರು ಬಾಗಿಲು. ಮೂರು ಮೆಟ್ಟಿಲು. ನಡುವಿನ ಮೆಟ್ಟಿಲಲ್ಲಿ ಒಬ್ಬ ಹೆಂಗಸು ಕೂತು ತಲೆ ಬಾಚಿಕೊಳ್ಳುತ್ತಿದ್ದಾಳೆ. ಹುಡುಗಿಯ ಕೈಯಲ್ಲಿ ಕಪ್ಪು ಬಣ್ಣಕ್ಕೆ ಅದ್ದಿದ ಬ್ರಷ್ಷು.

ನೀರಕ್ಕ ಆ ಬ್ರಷ್ಷನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡಿದಳು. ಅಂದರೆ ದಿನಾ ಆ ರಾಡಿಯ ಕೆಳಗೆ ಇದು ಇತ್ತು! ದಿನಾ ನಾನೇ ತೊಳೆದೆ!

ಅವಳಿಗೂ ಒಬ್ಬ ಮಗಳಿದ್ದಳು. ಬಾಡಿಗೆ ಮನೆಯ ಗೋಡೆ ತುಂಬ ಇದ್ದಿಲಿನಲ್ಲಿ ಗೀಚಿ, ಆರು ತುಂಬುವ ಮೊದಲೇ ಜ್ವರದಲ್ಲಿ ಹೋದವಳು. ಮನೆ ಬಿಡುವಾಗ ಮಾಲೀಕ ಕಣ್ಣು ಕೆಂಪಗೆ ಮಾಡಿದನೆಂದು ಆ ಗೋಡೆಯನ್ನೂ ನೀರಕ್ಕನೇ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ಕೊಟ್ಟಿದ್ದಳು. ಆಮೇಲೆ ಎಷ್ಟು ಹಲುಬಿದರೇನು.

ಹುಡುಗಿಯ ಕೈಯಿಂದ ತಟ್ಟೆ ಕಿತ್ತುಕೊಂಡೇಬಿಟ್ಟಳು. “ಬೇಡ ಕಂದಾ, ನಾಳೆ ಅಪ್ಪ ಬರ್ತಾರೆ, ನೋಡ್ತಾರೆ,” ಎಂದು ಬೀರುವಿನ ನೆತ್ತಿಯ ಮೇಲಿಟ್ಟಳು. ಹುಡುಗಿ ಎರಡೂ ಕೈ ಚಾಚಿದಳು. ನೀರಕ್ಕ ಕೊಡಲಿಲ್ಲ. ಮೆಟ್ಟಿಲು ಹತ್ತಿ ಹೋಗುವಾಗ ಆ ಮಗು ಬೀರುವನ್ನೇ ತಿರುತಿರುಗಿ ನೋಡಿತು.

ಮರುದಿನ ಮೇಷ್ಟ್ರು ಖಾಲಿ ಹಾಳೆಯನ್ನೂ ಗೋಡೆಗೆ ಹಚ್ಚಿ, ಅದರ ಕೆಳಗೆ ಸ್ಟೂಲಿನ ಮೇಲೆ ತಟ್ಟೆ ಇಟ್ಟರು. “ಮೂರು ವಾರ ಇವಳ ಬೆನ್ನ ಹಿಂದೇನೇ ಓಡಾಡಿದೀನಿ ನೀರಕ್ಕ. ಕುರುಡ ನಾನು.”

ದೊಡ್ಡವರು ಬರುವುದಕ್ಕೆ ಇನ್ನೂ ಹೊತ್ತಿತ್ತು. ಮೊದಲು ಬಂದವಳು ಬೊಂಬೆಯೇ. ಕಣ್ಣು ಊದಿಕೊಂಡಿದ್ದವು; ರಾತ್ರಿಯೆಲ್ಲ ರೆಪ್ಪೆ ಮುಚ್ಚಿದ ಹಾಗಿರಲಿಲ್ಲ. ಸೀದಾ ಹೋಗಿ ತಟ್ಟೆ ಎತ್ತಿಕೊಂಡು ತನ್ನ ಜಾಗದಲ್ಲಿ ಕೂತು ಕಪ್ಪು ಡಬ್ಬ ತೆರೆದಳು.

“ಹಿಡ್ಕೋ ನೀರಕ್ಕ! ಬಿಡಬೇಡ!” ಎಂದು ಮೇಷ್ಟ್ರು ಕೂಗಿದರು.

ನೀರಕ್ಕನ ಕೈ ಮುಂದೆ ಹೋಯಿತು, ಅರ್ಧಕ್ಕೇ ನಿಂತಿತು. ಈ ಕೈಯೇ ಅಲ್ಲವೇ ನಿನ್ನೆ ಕಿತ್ತುಕೊಂಡದ್ದು. ಇದನ್ನು ಮುಚ್ಚದೆ ಈ ಮಗುವಿಗೆ ನಿದ್ದೆಯಿಲ್ಲ ಎನ್ನುವಷ್ಟು ಅವಳಿಗೆ ತಿಳಿಯಿತು. ಆ ಕಪ್ಪು ಬಣ್ಣ ಹೊಗೆಯೋ, ಹೊದಿಕೆಯೋ, ಅದು ತಿಳಿಯಲಿಲ್ಲ. ಹುಡುಗಿಯ ಬ್ರಷ್ಷಿನಡಿ ಬಾಗಿಲು ಹೋಯಿತು. ಮೆಟ್ಟಿಲು ಹೋದವು. ಹೆಂಗಸನ್ನು ಕೊನೆಗೆ ಉಳಿಸಿಕೊಂಡು, ಮೆಲ್ಲಗೆ, ಕಾಲಿನಿಂದ ಮೇಲಕ್ಕೆ ಬಳಿಯುತ್ತ ಹೋದಳು. ಆಮೇಲೆ ಎದ್ದು ಬಂದು ತಟ್ಟೆ ಚಾಚಿದಳು.

“ನೀರು,” ಎಂದಳು.

ಮೂರು ವಾರದಲ್ಲಿ ಅವಳಾಡಿದ ಮಾತು ಅದೊಂದೇ. ನೀರಕ್ಕ ನಲ್ಲಿ ತಿರುಗಿಸಿದಳು.

ಮಧ್ಯಾಹ್ನ ಅಪ್ಪ ಕೆಲಸದ ಬಟ್ಟೆಯಲ್ಲೇ ಓಡಿಬಂದ. ಗೋಡೆಯುದ್ದಕ್ಕೂ ಹುಡುಕಿ ಖಾಲಿ ಹಾಳೆಯ ಮುಂದೆ ನಿಂತ. “ಏನೂ ಬರೀಲಿಲ್ವಾ?”

“ಬರೆದ್ಳಪ್ಪಾ, ದಿನಾ ಬರೆದ್ಳು. ನಾನು ತೊಳೆದೆ,” ಎಂದಳು ನೀರಕ್ಕ. ಅವನಿಗೆ ಅರ್ಥವಾಗಲಿಲ್ಲ. ಅವಳು ಕೈಯಲ್ಲಿ ಬಾಗಿಲು ಬರೆದಳು, ಮೂರು ಬೆರಳು ತೋರಿಸಿದಳು, ನಡುವಿನ ಬೆರಳು ಮುಟ್ಟಿ ತನ್ನ ನರೆಗೂದಲನ್ನು ಬಾಚುವ ಹಾಗೆ ಮಾಡಿದಳು.

ಅವನು ಆ ಬೆರಳನ್ನು ಹಿಡಿದುಕೊಂಡ. “ಎಲ್ಲಿ?” ಎಂದ.

ನೀರಕ್ಕ ಒಣಗಲು ಇಟ್ಟಿದ್ದ ತಟ್ಟೆ ತಂದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ಓರೆ ಮಾಡಿ ನೋಡಿದ, ಬಹಳ ಹೊತ್ತು ನೋಡಿದ. ಹದಿನಾರು ಬೇಸಿಗೆಯ ಕೈ ಅದು. ಅಂಚಿನ ಸಂದಿಯಲ್ಲೂ ಒಂದು ಚುಕ್ಕೆ ಉಳಿದಿರಲಿಲ್ಲ.