ಎಂಟು ಮಿಲಿಮೀಟರ್

ನಮ್ಮ ಅಕ್ಕನ ಕೆಲಸ ಊರಿನವರ ಕಾಲು ಹಿಡಿಯುವುದು. ತಮಾಷೆಯಲ್ಲ, ನಿಜವಾಗಿಯೂ ಹಿಡಿಯುತ್ತಾಳೆ. ನಮ್ಮದು ಸೈಕಲ್ ಅಂಗಡಿ, ಸೈಕಲ್ ತುಳಿಯುವವರ ಶೂ ಕೂಡ ಮಾರುತ್ತೇವೆ. ಬಿಲ್ಲಿನ ಮೇಜು ನನ್ನದು, ಪಾದಗಳು ಅವಳವು. ಗಿರಾಕಿಯನ್ನು ಬೆಂಚಿನ ಮೇಲೆ ಮಲಗಿಸಿ, ಸೊಂಟದ ಮೂಳೆಯಿಂದ ಹಿಮ್ಮಡಿಯವರೆಗೆ ಟೇಪು ಎಳೆದ ಮೇಲೆಯೇ ಕಾಲಿಗೆ ಶೂ ತೊಡಿಸುತ್ತಾಳೆ. ಅದೂ ಸಂಜೆ ಹೊತ್ತು ಮಾತ್ರ. ಬೆಳಗಿನ ಪಾದ ಸಣ್ಣದಿರುತ್ತದೆ, ಅದನ್ನು ನಂಬಬಾರದು ಎನ್ನುತ್ತಾಳೆ. ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳು ಎಂದು ಅವಳಿಗೆ ಹೆಸರು. ಮನೆಯ ಕೋಪವೆಲ್ಲ ನನ್ನ ಪಾಲಿಗೇ ಬಂದಿದೆ.

ಮೊನ್ನೆ ಸೋಮವಾರ ಸಂಜೆ ಒಳಗೆ ಬಂದವರು ನಮ್ಮ ಶಾಲೆಯ ಡ್ರಿಲ್ ಮೇಷ್ಟರು. ತಲೆ ನರೆತಿತ್ತು, ದನಿ ಮಾತ್ರ ಅದೇ. ಇಪ್ಪತ್ತೈದು ವರ್ಷದ ಹಿಂದೆ ಸೈಕಲ್ ಪಂದ್ಯದ ಪಟ್ಟಿಯಲ್ಲಿ ಅಕ್ಕನ ಹೆಸರು ಮೊದಲನೆಯದು. ಈ ಮಹಾಶಯರು ಅವಳನ್ನು ಮೈದಾನದ ನಡುವೆ ನಿಲ್ಲಿಸಿ, "ಒಂದು ಕಾಲು ಉದ್ದ, ಒಂದು ಗಿಡ್ಡ. ಇವಳು ಸೈಕಲ್ ತುಳಿಯೋದಲ್ಲ, ಕುಂಟೆಬಿಲ್ಲೆ ಆಡ್ತಾಳೆ" ಎಂದು ಹೆಸರು ಹೊಡೆದುಹಾಕಿದರು. ಇಡೀ ಶಾಲೆ ನಕ್ಕಿತು. ಅಂದಿನಿಂದ ಅವಳು ಎಲ್ಲರ ಬಾಯಲ್ಲಿ 'ಒಂದೂವರೆ'. ನಾನಿನ್ನೂ ಚಿಕ್ಕವಳು, ಹಾಗೆ ಕರೆದ ಒಬ್ಬನ ಕೈ ಕಚ್ಚಿ ಬಂದಿದ್ದೆ. ಅಕ್ಕ ಮತ್ತೆಂದೂ ಪಂದ್ಯದ ಮಾತೆತ್ತಲಿಲ್ಲ.

ಮೇಷ್ಟರಿಗೆ ನಮ್ಮ ಗುರುತು ಹತ್ತಲಿಲ್ಲ. "ರಿಟೈರ್ ಆಯ್ತಮ್ಮ, ಈಗ ಸೈಕಲ್ ಹುಚ್ಚು ಹಿಡಿದಿದೆ. ಪೆಡಲ್‌ಗೆ ಕಚ್ಚಿಕೊಳ್ಳೋ ಶೂ ಬೇಕು. ಕ್ಲಿಪ್‌ಲೆಸ್ ಅಂತಾರಲ್ಲ, ಅದು. ಕಚ್ಚಿ ಹಿಡಿಯೋದಕ್ಕೆ ಕ್ಲಿಪ್ ಇಲ್ಲ ಅಂತ ಯಾಕೆ ಹೆಸರಿಟ್ಟರೋ," ಎಂದು ತಾವೇ ನಕ್ಕರು.

ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತ್ತು. ಈ ಶೂಗಳ ಅಟ್ಟೆಗೆ ಕ್ಲೀಟ್ ಎಂಬ ಲೋಹದ ತುಂಡನ್ನು ಸ್ಕ್ರೂ ಹಾಕಿ ಕೂರಿಸುತ್ತಾರೆ. ಪೆಡಲಿನ ಸ್ಪ್ರಿಂಗು ಅದನ್ನು ಹಿಡಿಯುತ್ತದೆ, ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಸ್ಪ್ರಿಂಗ್ ಅತಿ ಬಿಗಿಯಾದರೆ ಹೊಸಬನಿಗೆ ಕಾಲು ಬಿಡಿಸಲು ಬರುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತವನು ನಿಂತಲ್ಲೇ ದೊಪ್ಪನೆ ಬೀಳುತ್ತಾನೆ.

ನಾನು ಅವಳ ಕಿವಿಯಲ್ಲಿ ಹೇಳಿದೆ. "ಅಕ್ಕಾ, ಪೂರ್ತಿ ಬಿಗಿ ಮಾಡ್ಬಿಡು. ನಾಲ್ಕು ಜನರ ಮುಂದೆ ಬೀಳಲಿ."

"ಸುಮ್ನಿರು," ಎಂದಳು.

ಮೇಷ್ಟರು ಹೊಳೆಯುವ ರೇಸ್ ಶೂಗೆ ಕೈಹಾಕಿದರು. ಅಕ್ಕ ತಡೆದು ಬೇರೊಂದು ಜೊತೆ ಮುಂದಿಟ್ಟಳು. "ಅದರಲ್ಲಿ ನಡೆದ್ರೆ ಜಾರುತ್ತೆ ಸರ್. ಮೊದಲ ಸಲಕ್ಕೆ ಇದೇ ಇರಲಿ, ಕ್ಲೀಟ್ ಅಟ್ಟೆಯೊಳಗೆ ಹುದುಗಿರುತ್ತೆ. ಪೆಡಲ್ಲೂ ಎರಡೂ ಕಡೆ ಹಿಡಿಯೋದು ಕೊಡ್ತೀನಿ." ಸ್ಪ್ರಿಂಗನ್ನು ಸಡಿಲವಾಗಿಯೇ ಇಟ್ಟಳು. ಉಪ್ಪು ಖಾರ ತಿನ್ನುವ ಮೈಯೇ ಇವಳದು ಎಂದು ನಾನು ಹಲ್ಲು ಕಡಿದೆ.

ಬೆಂಚಿನ ಮೇಲೆ ಮಲಗಿಸಿ ಕಾಲು ಅಳೆದಳು. ಇನ್ನೊಮ್ಮೆ ಅಳೆದಳು. "ಎಡ ಮೊಣಕಾಲು ನೋಯುತ್ತಾ ಸರ್?"

"ಮೂವತ್ತು ವರ್ಷ ಆಯ್ತಮ್ಮ. ಡಾಕ್ಟರುಗಳೆಲ್ಲ ಕೈಚೆಲ್ಲಿದ್ರು."

ಅಕ್ಕ ಡ್ರಾಯರಿನಿಂದ ಒಂದು ಪ್ಲಾಸ್ಟಿಕ್ ಪಟ್ಟಿ ತೆಗೆದು ಎಡ ಶೂವಿನ ಕ್ಲೀಟಿನಡಿ ಕೂರಿಸಿದಳು. ಅಂಗಡಿಯ ಸೈಕಲ್ಲೊಂದಕ್ಕೆ ಆ ಪೆಡಲ್ ಹಾಕಿ, ಸ್ಟ್ಯಾಂಡಿಗೇರಿಸಿ ಅವರಿಂದ ಹತ್ತು ನಿಮಿಷ ತುಳಿಸಿದಳು. ಮೇಷ್ಟರು ತುಳಿದರು, ನಿಲ್ಲಿಸಿದರು, ನಂಬಿಕೆ ಬಾರದೆ ಮತ್ತೆ ತುಳಿದರು.

"ನೋವೇ ಇಲ್ಲಮ್ಮ," ಎಂದರು. ಕಣ್ಣು ತುಂಬಿತ್ತು. "ಏನು ಮಾಡಿದೆ?"

"ನಿಮ್ಮ ಎಡಗಾಲು ಎಂಟು ಮಿಲಿಮೀಟರ್ ಗಿಡ್ಡ ಸರ್. ನನ್ನದು ಐದೇ."

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಅಕ್ಕ ಇಸವಿ ಹೇಳಿದಳು, ಪಂದ್ಯದ ಪಟ್ಟಿಯಲ್ಲಿದ್ದ ತನ್ನ ಹೆಸರು ಹೇಳಿದಳು, ಮೈದಾನದಲ್ಲಿ ಅವರಾಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ದನಿ ಏರಲಿಲ್ಲ. ಮೇಷ್ಟರು ಸೈಕಲ್ಲಿನಿಂದ ಇಳಿದು ಬೆಂಚಿನ ಮೇಲೆ ಕೂತರು. ಅಕ್ಕ ಅವರ ಎಡ ಶೂ ಬಿಚ್ಚಿಸಿ, ಸ್ಕ್ರೂ ತಿರುಗಿಸಿ, ಪ್ಲಾಸ್ಟಿಕ್ ಪಟ್ಟಿಯನ್ನು ಹೊರತೆಗೆದು ಕ್ಲೀಟನ್ನು ಮೊದಲಿನಂತೆ ಕೂರಿಸಿದಳು.

"ಶೂ, ಪೆಡಲ್ ತಗೊಂಡು ಹೋಗಿ. ಅಳತೆ ಸರಿಯಾಗಿದೆ, ಬೀಳಲ್ಲ. ಈ ಪಟ್ಟಿ ಕೊಡಲ್ಲ. ನಾನೇ ಕೊಯ್ದು ಮಾಡಿದ್ದು, ಈ ಊರಲ್ಲಿ ಬೇರೆ ಯಾರೂ ಮಾಡಲ್ಲ."

"ಎಷ್ಟಾದ್ರೂ ಕೊಡ್ತೀನಿ."

"ಮಾರೋಕಲ್ಲ ಸರ್."

ನಾನು ಬೇಡಿದ್ದು ಒಂದು ಬಿದ್ದ ಪೆಟ್ಟು, ಎರಡು ದಿನದಲ್ಲಿ ಮಾಯುವಂಥದ್ದು. ಇವಳು ನೋವಿಲ್ಲದ ಕಾಲು ಹೇಗಿರುತ್ತದೆಂದು ಹತ್ತು ನಿಮಿಷ ತೋರಿಸಿ ಕಿತ್ತುಕೊಂಡಿದ್ದಳು. ನನಗೆ ಪಾಪ ಅನ್ನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆ ತಣ್ಣಗಾಯಿತು.

ಮೇಷ್ಟರು ಹಳೆಯ ಚಪ್ಪಲಿ ಮೆಟ್ಟಿ, ಮೊಣಕಾಲು ಹಿಡಿದುಕೊಂಡು ಎದ್ದರು. "ಆಗ ನನಗೆ ಇದೆಲ್ಲ ಏನು ಗೊತ್ತಿತ್ತಮ್ಮ?"

"ಆಗ ನನಗೆ ಹದಿನಾಲ್ಕು ವರ್ಷ ಸರ್," ಎಂದು ಅಕ್ಕ ಪೆಟ್ಟಿಗೆ ಮುಚ್ಚಿ ಅವರ ಕೈಗಿಟ್ಟಳು.