ಎರಡನೆಯ ಮಂಚ

ಕಳೆದ ವಾರ ಕಲ್ಯಾಣದ ಆ ಕೋಣೆಯ ಬಾಗಿಲು ತೆಗೆದಾಗ ಹೊಸ ಪ್ಲೈವುಡ್ಡಿನ, ಅರ್ಧ ಒಣಗಿದ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ದೋಸೆಭಟ್ಟರು ನೆನಪಾದರು...

ಠಾಣೆಯಿಂದ ಕಲ್ಯಾಣದವರೆಗೆ ಲೋಕಲ್ ರೈಲಿನ ಹಾದಿಯುದ್ದಕ್ಕೂ ಉಡುಪಿ ಹೋಟೆಲುಗಳಲ್ಲಿ ದೋಸೆ ಹೊಯ್ದವರು. ಕೊನೆಯ ಹೋಟೆಲು ಮುಚ್ಚಿದ ಮೇಲೆ ಸ್ಟೇಷನ್ನಿನ ಸೇತುವೆಯ ಕೆಳಗೇ ಅವರ ವಾಸ. ನೆಲೆಯಿಲ್ಲದವರಿಗೆ ಮನೆ ಕೊಡುವ ಒಂದು ಸಂಸ್ಥೆ ಅವರಿಗೆ ಚಾಳಿನ ಸಾಲುಮನೆಯಲ್ಲಿ ಕೋಣೆ ಕೊಟ್ಟಿತು. ಒಳಗಿನ ಮಂಚ, ಕಪಾಟು ಮಾಡಲು ಡಿಸೈನ್ ಕಾಲೇಜಿನ ಮಕ್ಕಳು ಬಂದರು. ಮಕ್ಕಳಿಗೆ ಕನ್ನಡ ಬಾರದು, ಭಟ್ಟರಿಗೆ ಹೋಟೆಲಿನ ಹಿಂದಿಯಾಚೆ ಬಾರದು. ಹಾಗಾಗಿ ಮಾತು ದಾಟಿಸಲು ಪಕ್ಕದೂರಿನ ನನ್ನನ್ನು ಕರೆದರು. ಇಡೀ ಡೊಂಬಿವಲಿಯಲ್ಲಿ ನನ್ನಷ್ಟು ಉದ್ದದ ನಾಲಗೆ ಇನ್ನಾರಿಗಿದೆ?

ಮೊದಲ ದಿನ, ಮಂಚ ಹೇಗಿರಬೇಕೆಂದು ಕೇಳಿದ್ದಕ್ಕೆ ಭಟ್ಟರು, "ಎಂತದಾದ್ರೂ ಆಗ್ತದೆ" ಎಂದರು. ನಾನು ಗಂಭೀರವಾಗಿ, ಹಿತ್ತಾಳೆ ಸರಪಳಿಯ ಉಯ್ಯಾಲೆ ಮಂಚ ಬೇಕಂತೆ ಎಂದು ಹಿಂದಿಯಲ್ಲಿ ಹೇಳಿದೆ. ಒಬ್ಬ ಹುಡುಗಿ ಪಾಪ, ಬಿಡಿಸಿಯೇಬಿಟ್ಟಳು. ಚಿತ್ರ ನೋಡಿ ಭಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ರಾಯ್ರೇ, ನಿಮ್ಗೆ ಮಂಡೆ ಸಮ ಇಲ್ಲ ಮಾರಾಯ್ರೆ!"

ಮಕ್ಕಳು ಮಾಡಿದ ನಿಜವಾದ ಮಂಚ ಚೆನ್ನಾಗಿಯೇ ಇತ್ತು. ಪರದೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಎಲ್ಲವೂ ಒಬ್ಬರಿಗೇ ಅಂತ. ಆದರೆ ಭಟ್ಟರು ಅದನ್ನು ಮುಟ್ಟದೆ ಹೊರಗೆ ಚಾಳಿನ ಓಣಿಯಲ್ಲಿ ಮಲಗತೊಡಗಿದರು. ನೆರೆಯವರು ದೂರಿದರು. ಹೀಗೇ ಆದರೆ ಕೋಣೆ ಬೇರೆಯವರಿಗೆ ಎಂದಿತು ಸಂಸ್ಥೆ.

"ಎಂತ ಭಟ್ರೇ, ಪುನಃ ಸ್ಟೇಷನ್ನಿಗೆ ಹೋಗ್ತೀರಾ?" ಎಂದು ಕೇಳಿದೆ.

"ಹೋಟ್ಲಲ್ಲಿ ಟೇಬಲ್ ಜೋಡ್ಸಿ ಏಳೆಂಟು ಜನ ಮಲಗ್ತಿದ್ದೆವು. ಹತ್ರ ಯಾರಾದ್ರೂ ಗೊರಕೆ ಹೊಡೀಬೇಕು. ಒಬ್ನೇ ಆದ್ರೆ ನಿದ್ದೆ ಬರುದಿಲ್ಲ."

ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಉಯ್ಯಾಲೆ ಬಿಡಿಸಿದ್ದ ಆ ಹುಡುಗಿ, ಇದೂ ತಮಾಷೆಯೇನೋ ಎಂದು ನಂಬಲಿಲ್ಲ. "ಅಂಕಲ್, ಮಜಾಕ್ ತೋ ನಹೀಂ?"

ಮಕ್ಕಳು ಗೋಡೆಗೆ ಮಡಚಿಡುವ ಎರಡನೆಯ ಮಂಚ ಮಾಡಿದರು. ಅದರಲ್ಲಿ ಮಲಗುವವರಾರು? ಗೊರಕೆಯಲ್ಲಿ ನನ್ನನ್ನು ಸೋಲಿಸುವವನು ಸೆಂಟ್ರಲ್ ಲೈನಿನಲ್ಲಿ ಇನ್ನೂ ಹುಟ್ಟಿಲ್ಲ! ಹೆಂಡತಿ ಹೋದ ಮೇಲೆ ಅದಕ್ಕೆ ಬೈಯುವವರೂ ಇರಲಿಲ್ಲ... ಕೆಲವು ವಾರ ಅಲ್ಲೇ ಉಳಿದೆ. ಆಮೇಲೆ ಮಧ್ಯಾಹ್ನಗಳಲ್ಲಿ ಹೋಗಿ ಬಿದ್ದುಕೊಳ್ಳುತ್ತಿದ್ದೆ. ಭಟ್ಟರಿಗೆ ಒಳಗೆ ಮಲಗುವುದು ರೂಢಿಯಾಯಿತು, ಕೋಣೆ ಉಳಿಯಿತು.

ಹೋದ ಮಳೆಗಾಲ ಜ್ವರವೆಂದು ಆಸ್ಪತ್ರೆ ಸೇರಿದ ಭಟ್ಟರು ಹಿಂದೆ ಬರಲಿಲ್ಲ...

ಈಗ ಅದೇ ಕೋಣೆ ಇನ್ನೊಬ್ಬರಿಗಾಗಿ ಸಜ್ಜಾಗಿದೆ. ಆ ಹುಡುಗಿಯೇ ತೋರಿಸಲು ಕರೆದಿದ್ದಳು. ಈಗ ಎಲ್ಲ ಕೋಣೆಗೂ ಎರಡನೆಯ ಮಂಚ ಹಾಕುತ್ತಾರಂತೆ. "ಡಿಸೈನ್ ನನ್ನದು" ಎಂದು ಕೊಚ್ಚಿಕೊಂಡೆ. ಅವಳು ನಗುತ್ತಾ ಚಹಾ ತರಲು ಇಳಿದಳು.

ನಾನು ಎರಡನೆಯ ಮಂಚ ಬಿಡಿಸಿ ಉದ್ದಕ್ಕೆ ಮಲಗಿದೆ. ಎದುರಿನ ಹಾಸಿಗೆಯ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಗೋಡೆಯ ಕಡೆ ಹೊರಳಿ ನಿದ್ದೆ ಮಾಡಲು ನೋಡಿದೆ. ಆಗಲಿಲ್ಲ.